ಅಕ್ಷರ ಸವೆಯಿತು, ದನಿ ಉಳಿಯಿತು: ಲೂಮೆ ಎಂಬ ಕಟ್ಟಿದ ಭಾಷೆಯ ಕಥೆ

ನಾನೇ ಕಟ್ಟಿದ ಲೂಮೆ ಎಂಬ ಭಾಷೆಯ ಬಗ್ಗೆ ಕೊಟ್ಟ ಒಂದು ಉಪನ್ಯಾಸದ ಬರಹರೂಪ ಇದು. ಬಾಯಲ್ಲಿ ಹೇಳಿ ತೋರಿಸಿದ್ದನ್ನು ಬರಹಕ್ಕೆ ಇಳಿಸುವುದು ಸುಲಭವಲ್ಲ. ವಿಷಯವೇ ದನಿಯ ಏರಿಳಿತ ಆದಾಗ ಇನ್ನೂ ಕಷ್ಟ. ಹಾಗಾಗಿ ಮೊದಲೇ ಒಂದು ಗುರುತು ಇಟ್ಟುಕೊಳ್ಳೋಣ. ಲೂಮೆಯ ಪದಗಳಲ್ಲಿ ಯಾವ ಅಕ್ಷರದ ಬಲಕ್ಕೆ ಈ ಗೀಟು (’) ಇದೆಯೋ ಅದನ್ನು ದನಿ ಏರಿಸಿ ಹೇಳಬೇಕು. ಗೀಟು ಇಲ್ಲದ ಅಕ್ಷರವನ್ನು ಇಳಿಸಿ ಹೇಳಬೇಕು. ಪದದ ಎರಡೂ ಕಡೆ ‘ಹೀಗೆ’ ಇದ್ದರೆ ಅದು ಬರಿ ಉದ್ಧರಣ ಚಿಹ್ನೆ. ಉಪನ್ಯಾಸದಲ್ಲಿ ಸಭೆಯವರು ನನ್ನ ಜೊತೆ ಜೋರಾಗಿ ಹೇಳಿದ್ದರು. ನೀವೂ ಓದುತ್ತಾ ಒಂದೆರಡು ಪದ ಗಟ್ಟಿಯಾಗಿ ಹೇಳಿ ನೋಡಿ, ಕಣ್ಣಿಗೆ ಮಾತ್ರ ಬಿಟ್ಟರೆ ಇದು ಅರ್ಧವೇ ತಿಳಿಯುವುದು.

ಇನ್ನೊಂದು ಮಾತು, ಪದದ ಬಗ್ಗೆ. ‘ಸ್ವರ’ ಅಂದರೆ ವ್ಯಾಕರಣದಲ್ಲಿ ಅ ಆ ಇ ಈ, ಸಂಗೀತದಲ್ಲಿ ಸ ರಿ ಗ ಮ. ನಾನು ಹೇಳಲು ಹೊರಟಿರುವುದು ಇವೆರಡೂ ಅಲ್ಲ. ಅದಕ್ಕೇ ಇಲ್ಲಿ ‘ಟೋನ್’ ಅಂತಲೇ ಬರೆಯುತ್ತೇನೆ.

ಟೋನ್ ಅಂದರೇನು? ಕನ್ನಡದಲ್ಲಿ ‘ಬಂದ’ ಅನ್ನುವ ಪದವನ್ನು ಸಂತೋಷದಲ್ಲಿ ಹೇಳಿ, ಸಿಟ್ಟಲ್ಲಿ ಹೇಳಿ, ಅನುಮಾನದಲ್ಲಿ ಎಳೆದು ಹೇಳಿ. ಹೇಳುವವರ ಮನಸ್ಸು ಗೊತ್ತಾಗುತ್ತದೆ, ಆದರೆ ಬಂದವನು ಬಂದೇ ಇರುತ್ತಾನೆ, ಹೋದವನಾಗುವುದಿಲ್ಲ. ಟೋನ್ ಭಾಷೆಗಳಲ್ಲಿ ಹಾಗಲ್ಲ, ದನಿಯ ಎತ್ತರ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಮ್ಯಾಂಡರಿನ್ ಚೀನಿ ಭಾಷೆಯಲ್ಲಿ ‘ಮಾ’ ಅನ್ನುವುದನ್ನು ಎತ್ತರದಲ್ಲೇ ಹಿಡಿದು ಹೇಳಿದರೆ ಅಮ್ಮ, ಕೆಳಗಿನಿಂದ ಏರಿಸಿದರೆ ಸೆಣಬಿನ ಜಾತಿಯ ನಾರು, ಇಳಿಸಿ ತುಸು ಏರಿಸಿದರೆ ಕುದುರೆ, ಮೇಲಿನಿಂದ ಕೆಡವಿದರೆ ಬೈಯುವುದು. ಪಶ್ಚಿಮ ಆಫ್ರಿಕಾದ ಯೊರುಬಾದಲ್ಲಿ ಮೂರು ಮಟ್ಟಗಳಿವೆ: ಮೇಲು, ನಡು, ಕೆಳ. ‘ಒಕೊ’ ಎರಡೂ ಅಕ್ಷರ ನಡುಮಟ್ಟದಲ್ಲಿದ್ದರೆ ಗಂಡ. ಎರಡನೆಯದು ಮೇಲೇರಿದರೆ ಗುದ್ದಲಿ. ಅದೇ ಕೆಳಗಿಳಿದರೆ ವಾಹನ.

ಇದನ್ನು ಕೇಳಿ ‘ಅಯ್ಯೋ, ಅವರಿಗೆ ಗೊಂದಲ ಆಗಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ನಮಗೆ ಬೆಲೆ ಮತ್ತು ಬೆಳೆ ನಡುವೆ ಗೊಂದಲ ಆಗುತ್ತದೆಯೇ? ಳ ಇಲ್ಲದ ಭಾಷೆಯವರಿಗೆ ಅವೆರಡೂ ಒಂದೇ ಥರ ಕೇಳಿಸುತ್ತವೆ. ನಮ್ಮ ಕಿವಿಗೆ ಲ ಮತ್ತು ಳ ಎಷ್ಟು ಬೇರೆಯೋ, ಅವರ ಕಿವಿಗೆ ಮೇಲು ಮತ್ತು ಕೆಳ ಅಷ್ಟೇ ಬೇರೆ. ಇಲ್ಲಿ ಎತ್ತರ ಅನ್ನುವುದು ಹಾರ್ಮೋನಿಯಂ ಮನೆಯ ಲೆಕ್ಕವೂ ಅಲ್ಲ. ಗಂಡಸರ ಗಂಟಲು ಸಾಮಾನ್ಯವಾಗಿ ಸುಮಾರು 120 ಹರ್ಟ್ಸ್ ಆಸುಪಾಸಿನಲ್ಲಿ ಕಂಪಿಸಿದರೆ ಹೆಂಗಸರದು 200ರ ಆಸುಪಾಸಿನಲ್ಲಿ. ಆಡುವವರ ದನಿಯ ವ್ಯಾಪ್ತಿಯೊಳಗೆ ಯಾವುದು ಮೇಲು, ಯಾವುದು ಕೆಳ ಎಂಬುದಷ್ಟೇ ಮುಖ್ಯ.

ಈಗ ನನ್ನ ಭಾಷೆಗೆ ಬರುತ್ತೇನೆ. ಅದರ ಹೆಸರು ಲೂಮೆ. ಯಾರೂ ಆಡುವುದಿಲ್ಲ, ನಾನು ಕಟ್ಟಿದ್ದು. ಭಾಷೆ ಕಟ್ಟುವುದು ಹೊಸ ಹವ್ಯಾಸವೇನೂ ಅಲ್ಲ. ಎಸ್ಪೆರಾಂತೊ 1887ರಲ್ಲೇ ಹೊರಬಂತು. ಆದರೆ ಟೋನ್ ಇರುವ ಕಟ್ಟಿದ ಭಾಷೆಗಳು ಅಷ್ಟು ಜಾಸ್ತಿ ಇಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಸುದ್ರೆ ಎಂಬುವರು ಕಟ್ಟಿದ ಸೊಲ್‌ರೆಸೊಲ್ ಸಂಗೀತದ ಏಳು ಸ್ವರಗಳಿಂದಲೇ ಆದದ್ದು, ಅಲ್ಲಿ ‘ಮಿಸೊಲ್’ ಒಳ್ಳೆಯದು, ತಿರುಗಿಸಿ ‘ಸೊಲ್ಮಿ’ ಅಂದರೆ ಕೆಟ್ಟದ್ದು. ಚಂದದ ಕಲ್ಪನೆ. ಆದರೆ ಅಲ್ಲಿ ಸ್ವರಗಳೇ ಅಕ್ಷರಗಳು, ಅಕ್ಷರದ ಮೇಲೆ ಕೂರುವ ಟೋನ್ ಅಲ್ಲ. 1982ರಲ್ಲಿ ಶುರುವಾದ ಲಾದನ್ ಭಾಷೆಯಲ್ಲಿ ಮೇಲಿನ ಟೋನ್ ಒಂದೇ ಒಂದು ಇದೆ. ತೋಆಕ್ ಎಂಬ ಇತ್ತೀಚಿನ ಭಾಷೆಯಲ್ಲಿ ವಾಕ್ಯದಲ್ಲಿ ಪದದ ಕೆಲಸ ಏನು ಎಂಬುದನ್ನು ಟೋನ್ ಹೇಳುತ್ತದೆ.

ಮೊದಲ ಸಲ ನಾನು ಮಾಡಿದ್ದು ಒಂದು ದೊಡ್ಡ ಕೋಷ್ಟಕ. ಎಡಗಡೆ ಅಕ್ಷರಗಳು, ಮೇಲ್ಗಡೆ ಏಳು ಟೋನ್, ಪ್ರತಿ ಮನೆಯಲ್ಲೂ ಒಂದು ಪದ. ತಿಂಗಳುಗಟ್ಟಲೆ ತುಂಬಿಸಿದೆ. ಆಮೇಲೆ ಒಂದು ದಿನ ಆ ಭಾಷೆಯಲ್ಲಿ ನಾಲ್ಕು ವಾಕ್ಯ ಜೋರಾಗಿ ಓದಿದೆ. ಗುಪ್ತ ಸಂಕೇತ ಓದಿದ ಹಾಗಿತ್ತು. ಯಾವ ಪದಕ್ಕೂ ಇನ್ನೊಂದರ ನಂಟು ಇರಲಿಲ್ಲ. ಒಂದು ಪದದ ಟೋನ್ ಪಕ್ಕದ ಪದವನ್ನು ಮುಟ್ಟುತ್ತಲೂ ಇರಲಿಲ್ಲ. ನಿಜವಾದ ಭಾಷೆಯಲ್ಲಿ ಹೀಗೆ ಇರುವುದೇ ಇಲ್ಲ. ಆ ಟೋನ್‌ಗಳು ಎಲ್ಲಿಂದ ಬಂದವು ಎಂದು ನಾನು ನನ್ನನ್ನು ಕೇಳಿಕೊಂಡೇ ಇರಲಿಲ್ಲ. ಬಣ್ಣ ಬಳಿದ ಹಾಗೆ ಮೇಲಿನಿಂದ ಬಳಿದಿದ್ದೆ. ಆ ಕೋಷ್ಟಕ ಪೂರ್ತಿ ಬಿಟ್ಟು ಮತ್ತೆ ಶುರು ಮಾಡಿದೆ, ಈ ಸಲ ಗಂಟಲಿನಿಂದ.

ಗಂಟಲ ಮೇಲೆ ಎರಡು ಬೆರಳಿಟ್ಟು ‘ಪಾ’ ಅನ್ನಿ, ಆಮೇಲೆ ‘ಬಾ’ ಅನ್ನಿ. ಬಾ ಹೇಳುವಾಗ ತುಟಿ ತೆರೆಯುವ ಮೊದಲೇ ಒಳಗೆ ನಡುಕ ಶುರುವಾಗಿರುತ್ತದೆ. ಬಾಯಿ ಮುಚ್ಚಿರುವಾಗಲೂ ಆ ನಡುಕ ನಿಲ್ಲದಿರಬೇಕಾದರೆ ಧ್ವನಿಪೆಟ್ಟಿಗೆ ಸ್ವಲ್ಪ ಕೆಳಗಿಳಿಯುತ್ತದೆ, ಒಳಗಿನ ತಂತುಗಳು ಸಡಿಲವಾಗುತ್ತವೆ. ಸಡಿಲವಾದ ತಂತಿಯ ದನಿ ಕೆಳಗೇ ಅಲ್ವಾ? ಪಾ ಹೇಳುವಾಗ ಉಲ್ಟಾ. ತಂತುಗಳು ಬಿಗಿಯಾಗುತ್ತವೆ, ಮುಂದೆ ಬರುವ ‘ಆ’ ಒಂಚೂರು ಮೇಲಿನಿಂದ ಶುರುವಾಗುತ್ತದೆ. ಎಲ್ಲ ಭಾಷೆಯ ಬಾಯಲ್ಲೂ ಇದು ಆಗುತ್ತದೆ. ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಪ ಮತ್ತು ಬ ಬೇರೆ ಬೇರೆ ಇರುವವರೆಗೆ ಆ ಏರಿಳಿತದ ಕಡೆ ಗಮನ ಕೊಡುವ ಅಗತ್ಯವೇ ಇಲ್ಲ.

ಆದರೆ ಮುಂದೊಂದು ಪೀಳಿಗೆ ಬ ಕಾರವನ್ನು ಸೋಮಾರಿತನದಿಂದ ಪ ಥರ ಹೇಳತೊಡಗಿತು ಅಂದುಕೊಳ್ಳಿ. ಪದಗಳು ಒಂದಾಗಿಬಿಡಬೇಕು. ಆದರೆ ಆಗುವುದಿಲ್ಲ. ಅಕ್ಷರ ಹೋಗುತ್ತದೆ, ಅದು ಜೊತೆಯಲ್ಲಿ ತಂದಿದ್ದ ಇಳಿದನಿ ಉಳಿದುಕೊಳ್ಳುತ್ತದೆ. ಇಷ್ಟು ದಿನ ಯಾರೂ ಗಮನಿಸದೇ ಇದ್ದ ಏರಿಳಿತವೇ ಈಗ ಅರ್ಥ ಹೊರುತ್ತದೆ. ಟೋನ್ ಹುಟ್ಟುವುದು ಹೀಗೆ. ಪಂಜಾಬಿಯಲ್ಲಿ ಇದನ್ನು ಇಂದಿಗೂ ಕೇಳಬಹುದು. ಹಿಂದಿಯ ‘ಘೋಡಾ’ ಅಲ್ಲಿ ‘ಕೋಡಾ’ ಥರ ಕೇಳಿಸುತ್ತದೆ, ಇಳಿದನಿಯಲ್ಲಿ. ಇಳಿಸದೆ ಸಮವಾಗಿ ‘ಕೋಡಾ’ ಅಂದರೆ ಚಾಟಿ. ಕುದುರೆ ಮತ್ತು ಚಾಟಿ ನಡುವೆ ಉಳಿದಿರುವುದು ಟೋನ್ ಒಂದೇ. ಬರಹದಲ್ಲಿ ಮಾತ್ರ ಕುದುರೆಗೆ ಈಗಲೂ ಘ ಕಾರವೇ ಇದೆ. ಮಹಾಪ್ರಾಣ ಬಾಯಿಂದ ಹೋಯಿತು, ಪುಸ್ತಕದಲ್ಲಿ ಉಳಿಯಿತು. ವಿಯೆಟ್ನಾಂ ಭಾಷೆಯ ಟೋನ್‌ಗಳೂ ಹೀಗೆ ಕಳೆದುಹೋದ ವ್ಯಂಜನಗಳಿಂದ ಬಂದವು ಎಂದು ಫ್ರಾನ್ಸಿನ ಭಾಷಾವಿಜ್ಞಾನಿ ಓದ್ರಿಕೂರ್ 1954ರಲ್ಲಿ ತೋರಿಸಿಕೊಟ್ಟರು. ಪದದ ಕೊನೆಯ ವ್ಯಂಜನ ಸವೆದು ಏರಿಳಿತದ ಆಕಾರ ಬಂತು, ಮೊದಲಿನ ವ್ಯಂಜನದ ವ್ಯತ್ಯಾಸ ಸವೆದು ಒಂದೊಂದು ಟೋನ್ ಎರಡೆರಡಾಯಿತು.

ಕನ್ನಡದಲ್ಲೂ ಅಕ್ಷರ ಸವೆದಿದೆ. ಹಳಗನ್ನಡದ ಪಾಲ್ ನಮಗೆ ಹಾಲು ಆಯಿತು, ಎಷ್ಟೋ ಜನರ ಮಾತಿನಲ್ಲಿ ಆ ಹ ಕೂಡ ಹೋಗಿ ಆಲು ಆಗಿದೆ. ನಮ್ಮಲ್ಲಿ ಅದು ಸುಮ್ನೆ ಹೋಯಿತು, ದನಿಯಲ್ಲಿ ಗುರುತು ಬಿಡಲಿಲ್ಲ.

ಲೂಮೆಗೆ ನಾನು ಮೊದಲು ಒಂದು ತಾಯಿ ಭಾಷೆ ಕಟ್ಟಿದೆ. ಹಳೆ ಲೂಮೆ ಅನ್ನೋಣ. ಅದರಲ್ಲಿ ಟೋನ್ ಇರಲೇ ಇಲ್ಲ. ಪ ತ ಕ ಇದ್ದವು, ಬ ದ ಗ ಇದ್ದವು, ಸ ಮ ನ ಲ ರ ಯ ವ ಇದ್ದವು. ಮಹಾಪ್ರಾಣ ಇಲ್ಲ. ಆಮೇಲೆ ಒಂದೊಂದನ್ನೇ ಸವೆಸಿದೆ. ಬ ದ ಗ ಹೋಗಿ ಪ ತ ಕ ಜೊತೆ ಸೇರಿದವು, ಇಳಿದನಿ ಬಿಟ್ಟುಹೋದವು. ಹಳೆಯ ‘ತೋರ’ ಅಂದರೆ ಮರ, ‘ದೋರ’ ಅಂದರೆ ನದಿ. ಈಗ ತೋ’ರ ಮರ, ತೋರ ನದಿ. ಮ ನ ಲ ರ ಮುಂತಾದವು ತಾವಾಗಿಯೇ ಇಳಿದನಿಯವು. ಆದರೆ ಅವುಗಳ ಮುಂದೆ ಸ ಇದ್ದು ಬಿದ್ದುಹೋಗಿದ್ದರೆ ಏರುದನಿ: ಹಳೆಯ ‘ಸ್ನಾ’ ಈಗ ನಾ’. ಎರಡೇ ಟೋನ್, ಮೇಲು ಮತ್ತು ಕೆಳ. ಏಳರಿಂದ ಎರಡಕ್ಕೆ ಇಳಿದಿದ್ದರಿಂದ ಭಾಷೆ ಬಡವಾಗಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿಂದಲೇ ಅದಕ್ಕೆ ಜೀವ ಬಂತು.

ಯಾಕೆ ಅಂತ ಹೇಳಲು ಲೋಪಸಂಧಿ ನೆನಪು ಮಾಡಿಕೊಳ್ಳಬೇಕು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ. ನಡುವಿನ ಉಕಾರ ಲೋಪವಾಯಿತು, ಏನೂ ಬಿಡದೆ ಹೋಯಿತು. ಈಗ ಆ ಉಕಾರದ ಮೇಲೆ ಒಂದು ಟೋನ್ ಕೂತಿತ್ತು ಅಂದುಕೊಳ್ಳಿ. ಉಕಾರ ಹೋದಮೇಲೆ ಟೋನ್ ಎಲ್ಲಿಗೆ ಹೋಗಬೇಕು? ಎಷ್ಟೋ ಆಫ್ರಿಕನ್ ಭಾಷೆಗಳಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಕೂರಲು ಅಕ್ಷರವಿಲ್ಲದೆ ಗಾಳಿಯಲ್ಲಿ ತೇಲುತ್ತಾ ಇರುತ್ತದೆ, ಪಕ್ಕದಲ್ಲಿ ಜಾಗ ಸಿಕ್ಕ ಕಡೆ ಕೂರುತ್ತದೆ. ಇದನ್ನು ತೇಲುವ ಟೋನ್ ಅನ್ನಬಹುದು. ಮಾಲಿ ದೇಶದ ಬಂಬಾರಾ ಭಾಷೆಯಲ್ಲಿ ‘ಯಾವುದೋ ಒಂದು’ ಮತ್ತು ‘ಆ ಗೊತ್ತಿರುವ’ ಎಂಬ ವ್ಯತ್ಯಾಸವನ್ನು ಹೇಳುವುದೇ ಇಂಥ ಒಂದು ತೇಲುವ ಇಳಿದನಿ. ಅದಕ್ಕೆ ಅಕ್ಷರವೇ ಇಲ್ಲ. ಮುಂದಿನ ಪದದ ಏರುದನಿ ಒಂದು ಮೆಟ್ಟಿಲು ಕೆಳಗಿಳಿದಾಗ ‘ಓ, ಅದು ಇಲ್ಲಿದೆ’ ಅಂತ ತಿಳಿಯುತ್ತದೆ. ಟೋನ್ ಅಕ್ಷರದ ಗುಣವಲ್ಲ, ಅದಕ್ಕೆ ತನ್ನದೇ ಬೇರೆ ಸಾಲಿದೆ, ಎರಡು ಸಾಲುಗಳ ನಡುವೆ ಗೆರೆ ಎಳೆದು ಜೋಡಿಸಬೇಕು ಎಂಬ ನೋಟವನ್ನು ಜಾನ್ ಗೋಲ್ಡ್‌ಸ್ಮಿತ್ 1976ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಮುಂದಿಟ್ಟರು. ಆ ಎರಡು ಸಾಲಿನ ಚಿತ್ರ ಮೊದಲ ಸಲ ನೋಡಿದಾಗ ನನಗೆ ಆದ ಸಂತೋಷ ಹೇಳತೀರದು. ನನ್ನ ಏಳು ಟೋನಿನ ಕೋಷ್ಟಕ ಯಾಕೆ ಸತ್ತಿತ್ತು ಅಂತ ಆಗ ಗೊತ್ತಾಯಿತು. ಅದರಲ್ಲಿ ಇದ್ದದ್ದು ಒಂದೇ ಸಾಲು.

ಇನ್ನು ಲೂಮೆಯ ವ್ಯಾಕರಣ. ಪದಗಳ ಕ್ರಮ ಕನ್ನಡದ ಹಾಗೆಯೇ: ಕರ್ತೃ, ಕರ್ಮ, ಕ್ರಿಯಾಪದ. ಲಿಂಗ ಇಲ್ಲ. ಇವೆಲ್ಲ ಬೇಗ ಮುಗಿಯುವ ವಿಷಯ.

ಬಹುವಚನದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಹಳೆ ಲೂಮೆಯಲ್ಲಿ ಬಹುವಚನಕ್ಕೆ ಕೊನೆಯಲ್ಲಿ ‘ಸ’ ಸೇರುತ್ತಿತ್ತು. ಅದು ಸವೆದು ತೇಲುವ ಏರುದನಿ ಆಯಿತು. ತೋರ ಒಂದು ನದಿ, ತೋರ’ ನದಿಗಳು. ತೋ’ರ ಒಂದು ಮರ, ತೋ’ರ’ ಮರಗಳು. ಇಲ್ಲಿಯವರೆಗೆ ಸರಳ. ಈಗ ಗೆಳೆಯ ಎಂಬ ಪದ ತೆಗೆದುಕೊಳ್ಳಿ: ಮಿಕಾ’. ಕೊನೆಯ ಅಕ್ಷರ ಆಗಲೇ ಮೇಲಿದೆ. ಬಹುವಚನದ ಏರುದನಿ ಬರುತ್ತದೆ, ಸೀಟು ತುಂಬಿದೆ, ಹಾಗಾಗಿ ಮುಂದಿನ ಪದದ ಮೊದಲ ಅಕ್ಷರಕ್ಕೆ ಹೋಗಿ ಕೂರುತ್ತದೆ. ‘ಬರು’ ಎಂಬುದಕ್ಕೆ ನೋಲ. ಭೂತಕಾಲಕ್ಕೂ ಒಂದು ಸವೆದ ಪ್ರತ್ಯಯವಿದೆ, ಅದು ಕ್ರಿಯಾಪದದ ಕೊನೆಯನ್ನು ಏರಿಸುತ್ತದೆ. ಮಿಕಾ’ ನೋಲ’ ಅಂದರೆ ಗೆಳೆಯ ಬಂದ. ಮಿಕಾ’ ನೋ’ಲ’ ಅಂದರೆ ಗೆಳೆಯರು ಬಂದರು.

ಇದನ್ನು ಮತ್ತೊಮ್ಮೆ ನೋಡಿ. ಗೆಳೆಯ ಎಂಬ ಪದ ಒಂಚೂರೂ ಬದಲಾಗಲಿಲ್ಲ. ಒಬ್ಬನೋ ಹಲವರೋ ಎಂಬುದು ಕ್ರಿಯಾಪದದ ಮೇಲೆ ಕೇಳಿಸುತ್ತಿದೆ, ಬಂದ-ಬಂದರು ಥರ. ಆದರೆ ಕ್ರಿಯಾಪದಕ್ಕೆ ಬಹುವಚನ ಪ್ರತ್ಯಯ ಕೊಡಬೇಕು ಎಂದು ನಾನು ಯಾವತ್ತೂ ತೀರ್ಮಾನ ಮಾಡಿರಲಿಲ್ಲ! ಒಂದು ‘ಸ’ ಸವೆಸಿದ್ದೆ, ಒಂದು ಸೀಟು ತುಂಬಿತ್ತು, ಉಳಿದದ್ದು ತಾನಾಗೇ ಆಯಿತು. ಭಾಷೆ ಕಟ್ಟುವ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ನಾವು ಇಡದ ವಸ್ತು ಮನೆಯೊಳಗೆ ಸಿಗುತ್ತದೆ, ಅದೂ ಸರಿಯಾದ ಜಾಗದಲ್ಲಿ.

ತೊಂದರೆಯೂ ಅಲ್ಲಿಂದಲೇ ಶುರುವಾಯಿತು. ಹಳೆ ಲೂಮೆಯಲ್ಲಿ ನಿಷೇಧಕ್ಕೆ ಕ್ರಿಯಾಪದದ ಮುಂದೆ ‘ಸ’ ಬರುತ್ತಿತ್ತು. ಸನೋಲ, ಸ್ನೋಲ, ಕೊನೆಗೆ ನೋ’ಲ. ಅಂದರೆ ಮೊದಲ ಅಕ್ಷರ ಏರಿದರೆ ‘ಇಲ್ಲ’ ಅಂತ ಅರ್ಥ. ಹಾಗಾದರೆ ಮಿಕಾ’ ನೋ’ಲ’ ಅಂದರೆ ಏನು? ಗೆಳೆಯರು ಬಂದರು. ಗೆಳೆಯ ಬರಲಿಲ್ಲ. ಎರಡೂ! ಇಂಥ ಕಡೆ ಭಾಷೆ ಕಟ್ಟುವವರಿಗೆ ಹಿಂದೆ ಹೋಗಿ ನಿಯಮ ತಿದ್ದುವ ಆಸೆ ಆಗುತ್ತದೆ. ನಾನು ತಿದ್ದಲಿಲ್ಲ. ಆಡುವ ಜನ ಹಿಂದಕ್ಕೆ ಹೋಗಿ ತಿದ್ದಲು ಆಗುವುದಿಲ್ಲ, ಅವರು ಮುಂದಕ್ಕೇ ದಾರಿ ಹುಡುಕುತ್ತಾರೆ.

ಅಂಥ ದಾರಿ ಕನ್ನಡವೇ ಹುಡುಕಿದೆ. ಮಾಡುವೆನು ಅಂದರೆ ಮಾಡುತ್ತೇನೆ. ಮಾಡೆನು ಅಂದರೆ ಮಾಡುವುದಿಲ್ಲ. ಮಾಡೆನು ಎಂಬುದರಲ್ಲಿ ‘ಇಲ್ಲ’ ಅನ್ನುವ ಭಾಗ ಎಲ್ಲಿದೆ ಅಂತ ಹುಡುಕಿ, ಸಿಗುವುದಿಲ್ಲ. ಕಾಲವನ್ನು ಹೇಳುವ ಪ್ರತ್ಯಯ ಇಲ್ಲದೇ ಇರುವುದೇ ನಿಷೇಧ. ‘ನಾನರಿಯೆ’ ಕೂಡ ಹಾಗೆಯೇ. ಎಷ್ಟು ಸಣ್ಣ ಗುರುತು! ಇಂದಿನ ಮಾತಿನಲ್ಲಿ ನಾವು ಮಾಡುವುದಿಲ್ಲ, ಗೊತ್ತಿಲ್ಲ ಅಂತ ‘ಇಲ್ಲ’ವನ್ನು ಸ್ಪಷ್ಟವಾಗಿ ಸೇರಿಸುತ್ತೇವೆ. ಫ್ರೆಂಚಿನಲ್ಲೂ ‘ನ’ ಎಂಬ ತೆಳ್ಳಗಿನ ನಿಷೇಧಕ್ಕೆ ಬಲ ಕೊಡಲು ಹೆಜ್ಜೆ ಎಂಬ ಅರ್ಥದ ‘ಪಾ’ ಸೇರಿತು. ‘ಒಂದು ಹೆಜ್ಜೆಯೂ ಇಲ್ಲ’ ಅನ್ನುವ ಹಾಗೆ. ಈಗ ಆಡುಮಾತಿನಲ್ಲಿ ‘ನ’ ಬಿದ್ದುಹೋಗಿ ‘ಪಾ’ ಒಂದೇ ನಿಷೇಧ ಹೇಳುತ್ತದೆ. ಲೂಮೆಯಲ್ಲಿ ಈ ಕೆಲಸಕ್ಕೆ ಬಂದದ್ದು ‘ಪಿ’. ಹಳೆಯ ‘ಬಿ’, ಚೂರು ಎಂಬ ಅರ್ಥ. ಮಿಕಾ’ ನೋ’ಲ’ ಪಿ: ಗೆಳೆಯ ಚೂರೂ ಬರಲಿಲ್ಲ. ಈಗ ಅದು ಬರಿ ‘ಬರಲಿಲ್ಲ’.

ಇನ್ನೊಂದು ಡಿಕ್ಕಿ ಇದಕ್ಕಿಂತ ದೊಡ್ಡದು. ನೋಡು ಎಂಬುದಕ್ಕೆ ರೇನ. ಮಿಕಾ’ ತೋರ ರೇನ’ ಅಂದರೆ ಗೆಳೆಯ ನದಿ ನೋಡಿದ. ಗೆಳೆಯರು ನದಿ ನೋಡಿದರು ಅನ್ನಬೇಕಾದರೆ ಏರುದನಿ ಮುಂದಿನ ಪದಕ್ಕೆ ಹೋಗುತ್ತದೆ, ಮುಂದಿನ ಪದ ನದಿ. ಮಿಕಾ’ ತೋ’ರ ರೇನ’. ಆದರೆ ತೋ’ರ ಅಂದರೆ ಮರ ಅಲ್ವಾ! ಒಂದೇ ವಾಕ್ಯ: ಗೆಳೆಯರು ನದಿ ನೋಡಿದರು, ಅಥವಾ ಗೆಳೆಯ ಮರ ನೋಡಿದ. ಸಭೆಯಲ್ಲಿ ಇದನ್ನು ಎರಡು ಸಲ ಹೇಳಿ ತೋರಿಸಬೇಕಾಯಿತು.

ನನ್ನ ಕಲ್ಪನೆಯ ಲೂಮೆಯವರು ಇಲ್ಲಿ ನಡುವೆ ‘ಮೋ’ ಎಂಬ ಒಂದು ಅಕ್ಷರ ಇಡುತ್ತಾರೆ. ಮೋ ಅಂದರೆ ಏನೂ ಇಲ್ಲ. ಹಿಂದೆ ಮಾತಿನ ನಡುವೆ ಉಸಿರೆಳೆಯುವಾಗ ಬರುತ್ತಿದ್ದ ಸದ್ದು, ಅಷ್ಟೇ. ಅದನ್ನು ಇಡುವುದು ಅಲೆಯುವ ಟೋನಿಗೆ ಒಂದು ಕುರ್ಚಿ ಹಾಕಿದ ಹಾಗೆ. ಮಿಕಾ’ ಮೋ’ ತೋರ ರೇನ’. ಏರುದನಿ ಮೋ ಮೇಲೆ ಕೂತಿತು, ನದಿ ನದಿಯಾಗಿಯೇ ಉಳಿಯಿತು.

ಪ್ರಶ್ನೆ ಕೇಳುವುದು ಹೇಗೆ ಎಂಬುದಕ್ಕೂ ಬಹಳ ತಲೆ ಕೆಡಿಸಿಕೊಂಡೆ. ನಾವು ‘ಬಂದನಾ?’ ಅಂತ ಕೊನೆಗೆ ಆಕಾರ ಸೇರಿಸಿ ದನಿಯನ್ನೂ ಏರಿಸುತ್ತೇವೆ. ಆದರೆ ಲೂಮೆಯಲ್ಲಿ ಕೊನೆ ಏರಿಸಿದರೆ ಅದು ಭೂತಕಾಲ! ಇಲ್ಲಿ ನೈಜೀರಿಯಾದ ಹೌಸಾ ಭಾಷೆ ದಾರಿ ತೋರಿಸಿತು. ಮೇಲು-ಕೆಳ ಇರುವ ಹಲವು ಭಾಷೆಗಳಲ್ಲಿ ಮೇಲು, ಕೆಳ, ಮೇಲು ಅಂತ ಬಂದಾಗ ಎರಡನೆಯ ಮೇಲು ಮೊದಲನೆಯದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಇಡೀ ವಾಕ್ಯ ಮೆಟ್ಟಿಲಿಳಿದ ಹಾಗೆ ನಿಧಾನ ಇಳಿಯುತ್ತಾ ಹೋಗುತ್ತದೆ. ಹೌದು-ಇಲ್ಲ ಪ್ರಶ್ನೆ ಕೇಳುವಾಗ ಹೌಸಾದವರು ಈ ಇಳಿಯುವಿಕೆಯನ್ನೇ ತಡೆಯುತ್ತಾರೆ. ಲೂಮೆಯಲ್ಲೂ ಹಾಗೆಯೇ ಇಟ್ಟೆ. ಹೇಳಿಕೆ ಇಳಿಯುತ್ತದೆ, ಪ್ರಶ್ನೆ ಇಳಿಯದೆ ನಿಲ್ಲುತ್ತದೆ. ಒಂದು ಪದದ ಟೋನೂ ಕೆಡುವುದಿಲ್ಲ. ಒಂದೇ ಪದದ ಚಿಕ್ಕ ವಾಕ್ಯಗಳಿಗೆ ಮಾತ್ರ ಇದು ಸಾಲದು, ಇಳಿಯಲು ಅಲ್ಲಿ ಮೆಟ್ಟಿಲೇ ಇಲ್ಲ. ಅಲ್ಲಿ ಕೊನೆಯ ಅಕ್ಷರವನ್ನು ಎಳೆಯುತ್ತಾರೆ.

ಕೊನೆಯಲ್ಲಿ ಸಭೆಯಿಂದ ಪ್ರಶ್ನೆಗಳು ಬಂದವು. ಪಿಸುಮಾತಿನಲ್ಲಿ ಏನು ಮಾಡುತ್ತಾರೆ ಅಂತ ಒಬ್ಬರು ಕೇಳಿದರು. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸುವುದೇ ಇಲ್ಲ, ಹಾಗಾಗಿ ಏರಿಳಿತವೂ ಇಲ್ಲ. ಆದರೂ ಚೀನಿಯವರು ಪಿಸುಗುಟ್ಟಿ ಮಾತಾಡುತ್ತಾರೆ. ಬಿಡಿಯಾಗಿ ಹೇಳಿದಾಗ ಮ್ಯಾಂಡರಿನ್‌ನ ಮೂರನೇ ಟೋನ್ ಉದ್ದ, ನಾಲ್ಕನೆಯದು ಗಿಡ್ಡ. ಆ ಉದ್ದವೂ ಸಂದರ್ಭವೂ ಸೇರಿ ಕೆಲಸ ನಡೆಸುತ್ತವೆ. ಲೂಮೆಯಲ್ಲೂ ಏರುದನಿಯ ಅಕ್ಷರವನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಆದರೆ ಅದನ್ನು ನಿಯಮವಾಗಿ ಬರೆದಿರಲಿಲ್ಲ. ಆ ಪ್ರಶ್ನೆಯ ನಂತರ ಬರೆದೆ. ಹಾಡಿನ ಬಗ್ಗೆಯೂ ಕೇಳಿದರು. ಕ್ಯಾಂಟನೀಸ್ ಹಾಡುಗಳಲ್ಲಿ ಪದದ ಟೋನಿಗೆ ಹೊಂದುವ ಹಾಗೆ ರಾಗವನ್ನೋ ಸಾಹಿತ್ಯವನ್ನೋ ಆರಿಸುತ್ತಾರೆ, ಮ್ಯಾಂಡರಿನ್ ಹಾಡುಗಳಲ್ಲಿ ಅಷ್ಟು ಬಿಗಿಯಿಲ್ಲ. ಲೂಮೆಯಲ್ಲಿ ಇನ್ನೂ ಹಾಡು ಕಟ್ಟಿಲ್ಲ.

ನಮ್ಮಲ್ಲೇ ಹಿಂದೆ ಇಂಥದ್ದು ಇತ್ತಲ್ಲ, ಉದಾತ್ತ ಅನುದಾತ್ತ, ಅಂದರೆ ಏರುದನಿ ಇಳಿದನಿ, ಅಂತ ಹಿರಿಯರೊಬ್ಬರು ನೆನಪಿಸಿದರು. ಹೌದು. ವೇದದ ಸಂಸ್ಕೃತದಲ್ಲಿ ದನಿಯ ಎತ್ತರ ಅರ್ಥ ಬದಲಿಸುತ್ತಿತ್ತು, ಪಾಣಿನಿ ಅದನ್ನು ಸೂತ್ರವಾಗಿಯೇ ಹೇಳಿದ್ದಾನೆ. ‘ಇಂದ್ರಶತ್ರು’ ಎಂಬ ಪದದ ಕೊನೆಯನ್ನು ಏರಿಸಿದರೆ ಇಂದ್ರನನ್ನು ಕೊಲ್ಲುವವನು, ಮೊದಲನ್ನು ಏರಿಸಿದರೆ ಇಂದ್ರನೇ ಯಾರನ್ನು ಕೊಲ್ಲುತ್ತಾನೋ ಅವನು. ಇಂದ್ರನನ್ನು ಕೊಲ್ಲಲು ವೃತ್ರನನ್ನು ಹುಟ್ಟಿಸುವ ಯಾಗದಲ್ಲಿ ಹೀಗೆ ತಪ್ಪಿ ಹೇಳಿದ್ದರಿಂದ ವೃತ್ರನೇ ಸತ್ತ ಎಂಬ ಕಥೆ ಇದೆ. ಅದು ಪದಕ್ಕೊಂದೇ ಏರಿಕೆ ಇರುವ ಬಗೆ, ಲೂಮೆಯ ಹಾಗೆ ಪ್ರತಿ ಅಕ್ಷರಕ್ಕೂ ಟೋನ್ ಇರುವ ಬಗೆಯಲ್ಲ. ಆದರೂ ನಂಟು ದೂರದ್ದಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿಯದು. ‘ಮೋ ಯಾವಾಗಲೂ ಬಹುವಚನದಲ್ಲೇ ಬರುತ್ತೆ, ಯಾವಾಗಲೂ ಏರುದನಿಯಲ್ಲೇ ಇರುತ್ತೆ. ಹಾಗಾದರೆ ಲೂಮೆ ಕಲಿಯುವ ಮಗು ಮೋ’ ಅನ್ನೋದೇ ಬಹುವಚನ ಅಂದ್ಕೊಳಲ್ವಾ?’ ನಾನು ಮೂರು ವರ್ಷದಿಂದ ಅದನ್ನು ಖಾಲಿ ಕುರ್ಚಿ ಅಂತಲೇ ನೋಡುತ್ತಾ ಬಂದಿದ್ದೆ. ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. ಮಗು ಖಂಡಿತ ಹಾಗೆಯೇ ಅಂದುಕೊಳ್ಳುತ್ತದೆ. ಆಮೇಲೆ ಮೋ’ ಬೇಡದ ಕಡೆಯೂ ಅದನ್ನು ಸೇರಿಸುತ್ತದೆ. ನದಿಗಳು ಅನ್ನಲು ತೋರ’ ಸಾಕಿತ್ತು, ಮಗು ತೋರ ಮೋ’ ಅನ್ನುತ್ತದೆ. ಅಜ್ಜಿಯ ಬಾಯಲ್ಲಿ ತೋರ’, ಮೊಮ್ಮಗಳ ಬಾಯಲ್ಲಿ ತೋರ ಮೋ’. ಮನೆಗೆ ಬಂದ ರಾತ್ರಿಯೇ ಎರಡನ್ನೂ ನಿಘಂಟಿನಲ್ಲಿ ಅಕ್ಕಪಕ್ಕ ಬರೆದಿಟ್ಟೆ.